ಹದಿಮೂರನೆಯ ವಾರದ ಮುದ್ದೆ: 800 ಕ್ಯಾಲೊರಿ ಪಥ್ಯದ ಲಾಭ, ಅಪಾಯ

ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಮಧ್ಯಾಹ್ನ ಒಂದು, ರಾತ್ರಿ ಒಂದು ಎಂದರೆ 640. ಸಾರಿಗೆ ಹಾಕಿದ ಬೇಳೆ, ಒಗ್ಗರಣೆಯ ಎಣ್ಣೆ ಸೇರಿದರೆ 800ರ ಗಡಿ ಮುಟ್ಟಿದಂತೆಯೇ. ಬೆಳಗಿನ ತಿಂಡಿ, ಎರಡು ಲೋಟ ಕಾಫಿ, ಸಂಜೆ ಬಾಯಾಡಿಸಿದ ಕೋಡುಬಳೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ದಿನವಿಡೀ ಇಷ್ಟರಲ್ಲೇ, ಅಥವಾ ಇದಕ್ಕಿಂತ ಕಡಿಮೆಯಲ್ಲಿ, ವಾರಗಟ್ಟಲೆ ಇರುವುದನ್ನು ವೈದ್ಯರು ಅತಿ ಕಡಿಮೆ ಕ್ಯಾಲೊರಿಯ ಆಹಾರಕ್ರಮ ಎನ್ನುತ್ತಾರೆ. ಮದುವೆಗೆ ಆರು ವಾರವಿದೆ ಎನ್ನುವ ವಧು, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಕೆನ್ನುವ ನಿವೃತ್ತ ನೌಕರ, ಮಂಡಿ ಶಸ್ತ್ರಚಿಕಿತ್ಸೆಗೆ ಮುಂಚೆ ಹತ್ತು ಕಿಲೊ ಇಳಿಸಿಕೊಂಡು ಬನ್ನಿ ಎಂದು ವೈದ್ಯರಿಂದ ಹೇಳಿಸಿಕೊಂಡ ಗೃಹಿಣಿ, ಮೂವರೂ ಇಂದು ಮೊಬೈಲ್‌ನಲ್ಲಿ ಹುಡುಕುತ್ತಿರುವುದು ಇದನ್ನೇ. ಮೂವರಿಗೂ ಸಿಗುವ ವಿಡಿಯೊ ಒಂದೇ ಎಂಬುದು ಮೊದಲ ತೊಂದರೆ.

ಇದನ್ನು ‘ಡಯಟ್’ ಎಂದು ಕರೆದಾಗಲೇ ಅರ್ಧ ತಪ್ಪು ನಡೆದುಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಇದಕ್ಕೆ ಹೊಂದುವ ಹಳೆಯ ಮಾತು ಪಥ್ಯ. ಪಥ್ಯ ಯಾರೋ ಒಬ್ಬರು ಹೇಳಿದ್ದಾಗಿರುತ್ತಿತ್ತು, ಔಷಧದ ಜೊತೆಗಿರುತ್ತಿತ್ತು, ಇಷ್ಟು ದಿನ ಎಂಬ ಮಿತಿ ಇರುತ್ತಿತ್ತು. ಬಿಡುವುದಕ್ಕೂ ಒಂದು ಕ್ರಮವಿತ್ತು: ಜ್ವರ ಬಿಟ್ಟವರಿಗೆ ಮೊದಲು ಗಂಜಿ, ಆಮೇಲೆ ಮೆತ್ತನೆಯ ಅನ್ನ ತಿಳಿಸಾರು, ಹೋಳಿಗೆ ಎಷ್ಟೋ ದಿನಗಳ ನಂತರ. 800 ಕ್ಯಾಲೊರಿಯ ಪ್ರಯೋಗಗಳು ಗೆದ್ದಿರುವುದೂ ಸೋತಿರುವುದೂ ಈ ನಾಲ್ಕು ಕಡೆಗಳಲ್ಲಿಯೇ. 800 ಎಂಬ ಅಂಕಿಗೆ ಅದರಲ್ಲಿ ಅಷ್ಟು ದೊಡ್ಡ ಪಾತ್ರವಿಲ್ಲ.

ಸೋತ ಕಥೆ ಮೊದಲು. 1970ರ ದಶಕದ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನ್ ಪಾನೀಯಗಳ ಅಲೆ ಎದ್ದಿತು. ದಿನಕ್ಕೆ 300–400 ಕ್ಯಾಲೊರಿ, ಊಟವೇ ಇಲ್ಲ. ಪಾನೀಯದಲ್ಲಿದ್ದ ಪ್ರೋಟೀನ್ ಬಂದದ್ದು ದನದ ಚರ್ಮ, ಸ್ನಾಯುಬಂಧಗಳನ್ನು ಕರಗಿಸಿದ ಕೊಲಾಜನ್‌ನಿಂದ. ದೇಹಕ್ಕೆ ಬೇಕಾದ ಅಮೈನೊ ಆಮ್ಲಗಳಲ್ಲಿ ಕೆಲವು ಅದರಲ್ಲಿ ಇಲ್ಲ ಅಥವಾ ತೀರಾ ಕಡಿಮೆ, ಪೊಟ್ಯಾಸಿಯಂನಂಥ ಲವಣಗಳೂ ಸಾಲದಾಗಿದ್ದವು. 1977–78ರ ಹೊತ್ತಿಗೆ ಸುಮಾರು 60 ಸಾವುಗಳು ವರದಿಯಾದವು. ಸತ್ತವರಲ್ಲಿ ಹಲವರು ಬೇರೆ ಯಾವ ಹೃದಯದ ಕಾಯಿಲೆಯೂ ಇಲ್ಲದಿದ್ದ ಮಹಿಳೆಯರು. ಹೃದಯವೂ ಸ್ನಾಯುವೇ, ಹೊರಗಿನಿಂದ ಒಳ್ಳೆಯ ಪ್ರೋಟೀನ್ ಬಾರದಿದ್ದರೆ ದೇಹ ತನ್ನ ಸ್ನಾಯುವನ್ನೇ ಒಡೆದುಕೊಳ್ಳುತ್ತದೆ. ಹೃದಯದ ಬಡಿತದ ಲಯ ತಪ್ಪಿ ಅವರು ಸತ್ತರು. ತೂಕ ಇಳಿಯುತ್ತಿತ್ತು, ತಕ್ಕಡಿ ಎಲ್ಲವೂ ಸರಿಯಾಗಿದೆ ಎನ್ನುತ್ತಿತ್ತು.

ಇದೇ ಕಾರಣಕ್ಕೆ, ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ 1965–66ರಲ್ಲಿ 382 ದಿನ ಏನೂ ತಿನ್ನದೆ 207 ಕಿಲೊದಿಂದ 82 ಕಿಲೊಗೆ ಇಳಿದ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗಲೆಲ್ಲ ನನಗೆ ಇರಿಸುಮುರಿಸಾಗುತ್ತದೆ. ಕಥೆ ನಿಜ. ಆದರೆ ಅವರು ಡಂಡಿಯ ವೈದ್ಯರ ನಿಗಾದಲ್ಲಿದ್ದರು, ವಿಟಮಿನ್, ಪೊಟ್ಯಾಸಿಯಂ ಕೊಡಲಾಗುತ್ತಿತ್ತು, ರಕ್ತಪರೀಕ್ಷೆಗಳು ನಡೆಯುತ್ತಲೇ ಇದ್ದವು. ಅದೇ ಕಾಲದಲ್ಲಿ ಇಂಥ ಉಪವಾಸ ಚಿಕಿತ್ಸೆಗೆ ಒಳಗಾದ ಬೇರೆ ಕೆಲವರು ಆಸ್ಪತ್ರೆಯಲ್ಲಿಯೇ ಸತ್ತರು. ಬದುಕಿದವನ ಕಥೆ ಮಾತ್ರ ಸುತ್ತುತ್ತಿರುತ್ತದೆ.

ಗೆದ್ದ ಕಥೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನದು. ಹೊಟ್ಟೆಯ ಗಾತ್ರ ಕುಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ತೂಕ ಹೆಚ್ಚು ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಸಕ್ಕರೆ ಹತೋಟಿಗೆ ಬರುತ್ತಿತ್ತು. ಕತ್ತರಿಯ ಮಹಿಮೆ ಎಂದು ಉಳಿದವರು ಅಂದುಕೊಂಡಿದ್ದಾಗ, ಪ್ರೊಫೆಸರ್ ರಾಯ್ ಟೇಲರ್ ಅದು ಹೊಟ್ಟೆಗೆ ಏಕಾಏಕಿ ಊಟ ನಿಂತದ್ದರ ಪರಿಣಾಮವಿರಬಹುದಲ್ಲ ಎಂದು ಕೇಳಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದವರು ಹನ್ನೊಂದೇ ಮಂದಿ. ಎಂಟು ವಾರ, ದಿನಕ್ಕೆ ಸುಮಾರು 600 ಕ್ಯಾಲೊರಿ. ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಬಂತು. ಸ್ಕ್ಯಾನ್ ಮಾಡಿ ನೋಡಿದಾಗ ಮೊದಲು ಲಿವರ್‌ನ ಕೊಬ್ಬು ಕರಗಿತ್ತು. ಎಂಟನೆಯ ವಾರಕ್ಕೆ ಮೇದೋಜೀರಕ ಗ್ರಂಥಿಯದೂ ಇಳಿದು, ಇನ್ಸುಲಿನ್ ಒಸರುವುದು ಮತ್ತೆ ಚುರುಕಾಗಿತ್ತು. ಆ ಗ್ರಂಥಿಯಿಂದ ಹೋಗಬೇಕಾದ ಕೊಬ್ಬು ಒಂದು ಗ್ರಾಂಗೂ ಕಡಿಮೆ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಹೋಗಬೇಕಾದದ್ದು ಒಂದು ಗ್ರಾಂ. ಆದರೆ ಅದೊಂದನ್ನೇ ಆರಿಸಿ ತೆಗೆಯುವ ದಾರಿಯಿಲ್ಲ. ಹತ್ತೋ ಹದಿನೈದೋ ಕಿಲೊ ಇಳಿಸಿದರೆ ಅದೂ ಜೊತೆಗೆ ಹೋಗುತ್ತದೆ.

ಹನ್ನೊಂದು ಜನರ ಮಾತನ್ನು ನಂಬುವುದು ಹೇಗೆ? ಅದಕ್ಕೇ ‘ಡೈರೆಕ್ಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಸ್ಕಾಟ್ಲೆಂಡ್ ಮತ್ತು ನ್ಯೂಕ್ಯಾಸಲ್ ಸುತ್ತಮುತ್ತಲ 49 ಸಾಮಾನ್ಯ ಕ್ಲಿನಿಕ್‌ಗಳು, 306 ಟೈಪ್ 2 ಮಧುಮೇಹಿಗಳು. ಅರ್ಧ ಮಂದಿಗೆ ಮೂರರಿಂದ ಐದು ತಿಂಗಳು ಬರೀ ಸೂಪು, ಪಾನೀಯದ ಪುಡಿಗಳಿಂದ ದಿನಕ್ಕೆ 825–853 ಕ್ಯಾಲೊರಿ. ಅಂಚಿನಲ್ಲಿ ನಿಂತ ಅಂಕಿ, ಆದರೆ ಪದ್ಧತಿ ಅದೇ. ವರ್ಷದ ಕೊನೆಗೆ ಅವರಲ್ಲಿ ಶೇ 46 ಮಂದಿ ಮಾತ್ರೆಯಿಲ್ಲದೆ ಮಧುಮೇಹದ ಗೆರೆಯ ಕೆಳಗಿದ್ದರು. ಎಂದಿನ ಚಿಕಿತ್ಸೆ ಪಡೆದ ಉಳಿದರ್ಧದಲ್ಲಿ ಶೇ 4. ಹದಿನೈದು ಕಿಲೊಗಿಂತ ಹೆಚ್ಚು ಇಳಿಸಿದವರಲ್ಲಿ ಶೇ 86. ಮಧುಮೇಹ ಬಂದರೆ ಹೋಗದು ಎಂಬ ಮಾತನ್ನು ಪಾಠದಂತೆ ಕೇಳುತ್ತ ಬಂದ ಎರಡು ತಲೆಮಾರಿಗೆ ಇದು ಸಣ್ಣ ಸುದ್ದಿಯಲ್ಲ.

ಈ ಅಂಕಿಗಳು ನಮ್ಮ ವಿಡಿಯೊಗಳಿಗೆ ಬರುತ್ತವೆ. ಅವುಗಳ ಮುಂದಿನ ಅಂಕಿಗಳು ಬರುವುದಿಲ್ಲ. ಎರಡನೆಯ ವರ್ಷಕ್ಕೆ ಶೇ 46 ಎಂಬುದು 36ಕ್ಕೆ ಇಳಿಯಿತು. ಐದು ವರ್ಷ ಮುಂದುವರಿದ 85 ಮಂದಿಯಲ್ಲಿ ಆಗಲೂ ಮಧುಮೇಹದಿಂದ ದೂರವಿದ್ದವರು 11, ಅಂದರೆ ಶೇ 13. ಮೊದಲ ವರ್ಷ ಸರಾಸರಿ 10 ಕಿಲೊ ಇಳಿಸಿದ ಗುಂಪಿನ ಇಳಿಕೆ ಐದನೆಯ ವರ್ಷಕ್ಕೆ ಸುಮಾರು 6 ಕಿಲೊದಲ್ಲಿ ನಿಂತಿತ್ತು. ಏನೂ ವಿಶೇಷ ಮಾಡದ ಗುಂಪಿನದು 4.6. ಇದನ್ನು ಸೋಲು ಎನ್ನಬೇಕೋ ಬೇಡವೋ? ನಾನು ಎನ್ನಲಾರೆ. ಐದರಲ್ಲಿ ಎರಡು ಮೂರು ವರ್ಷ ಸಕ್ಕರೆ ಕಡಿಮೆಯಿದ್ದ ಕಣ್ಣಿಗೆ, ಮೂತ್ರಪಿಂಡಕ್ಕೆ ಅದರ ಫಲ ಇದ್ದೇ ಇರುತ್ತದೆ. ಕೊನೆಯ ಮೂರು ವರ್ಷಗಳಲ್ಲಿ ಗಂಭೀರ ಆರೋಗ್ಯ ತೊಂದರೆಗಳು ಪಥ್ಯ ಮಾಡಿದ ಗುಂಪಿನಲ್ಲಿ ಇನ್ನೊಂದು ಗುಂಪಿನ ಅರ್ಧಕ್ಕಿಂತ ಕಡಿಮೆ ಇದ್ದವು. ಆದರೆ ‘ಮೂರು ತಿಂಗಳಲ್ಲಿ ಮಧುಮೇಹಕ್ಕೆ ಶಾಶ್ವತ ಮುಕ್ತಿ’ ಎಂದು ಬೋರ್ಡು ಹಾಕುವವರ ಮುಂದೆ ಈ 13ನ್ನು ಇಡಬೇಕು. ಇದೇ ಮಾದರಿಯನ್ನು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2020ರಿಂದ ಸಾರ್ವಜನಿಕರಿಗೆ ಕೊಟ್ಟಾಗಲೂ, ಒಂದು ವರ್ಷದ ರಕ್ತಪರೀಕ್ಷೆ ದೊರೆತವರಲ್ಲಿ ಫಲ ಕಂಡವರು ಶೇ 27ರ ಆಸುಪಾಸಿನಲ್ಲಿದ್ದರು. ಪ್ರಯೋಗಶಾಲೆಯ ಶಿಸ್ತು ಊರಿಗೆ ಬಂದಾಗ ಸಡಿಲವಾಗುವುದು ಎಲ್ಲ ಔಷಧಕ್ಕೂ ಇರುವ ಹಣೆಬರಹ.

‘ಬೇಗ ಇಳಿದದ್ದು ಬೇಗ ಏರುತ್ತದೆ, ನಿಧಾನವೇ ಪ್ರಧಾನ’ ಎಂಬುದು ಈ ವಾದದಲ್ಲಿ ಎದುರಾಳಿಗಳ ಮುಖ್ಯ ಅಸ್ತ್ರ. ಮೆಲ್ಬರ್ನ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಇನ್ನೂರು ಮಂದಿ, ಒಂದು ಗುಂಪು 12 ವಾರದಲ್ಲಿ, ಇನ್ನೊಂದು 36 ವಾರದಲ್ಲಿ ಅಷ್ಟೇ ತೂಕ ಇಳಿಸಬೇಕು. ಗುರಿ ಮುಟ್ಟಿದವರು ವೇಗದ ಗುಂಪಿನಲ್ಲಿ ಶೇ 81, ನಿಧಾನದ ಗುಂಪಿನಲ್ಲಿ ಶೇ 50. ಮುಂದೆ ಮೂರು ವರ್ಷದಲ್ಲಿ ಇಳಿದ ತೂಕದ ಸುಮಾರು ಶೇ 71 ವಾಪಸು ಬಂತು, ಎರಡೂ ಗುಂಪಿಗೆ ಸಮನಾಗಿ. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಎರಡೂ ಪಕ್ಷದವರಿಗೆ ರುಚಿಸದು. ವೇಗ ತಪ್ಪಿತಸ್ಥನಲ್ಲ, ನಿಧಾನ ರಕ್ಷಕನೂ ಅಲ್ಲ.

ಹಾಗಾದರೆ ಅಪಾಯವಿರುವುದು ಎಲ್ಲಿ? ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ಮಾತ್ರೆಯ ಡಬ್ಬಿಗೆ. ಡೈರೆಕ್ಟ್ ಪ್ರಯೋಗದ ವಿವರಗಳಲ್ಲಿ ಎಲ್ಲರೂ ಹಾರಿಸಿ ಓದುವ ಒಂದು ಸಾಲಿದೆ: ಪಥ್ಯ ಆರಂಭಿಸಿದ ದಿನವೇ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸಲಾಯಿತು, ಬೇಕಾದವರಿಗೆ ನಿಗಾ ಇಟ್ಟು ಮತ್ತೆ ಕೊಡಲಾಯಿತು. ಇನ್ಸುಲಿನ್ ತೆಗೆದುಕೊಳ್ಳುವವರನ್ನು ಪ್ರಯೋಗಕ್ಕೇ ಸೇರಿಸಿರಲಿಲ್ಲ. ನಮ್ಮಲ್ಲಿ ಆಗುವುದೇನು? ವೈದ್ಯರಿಗೆ ಹೇಳಿದರೆ ಬೈಯುತ್ತಾರೆ ಎಂದು ಹೇಳದೆಯೇ ಊಟ ಬಿಡುತ್ತೇವೆ. ಮಾತ್ರೆ ಬಿಟ್ಟರೆ ಅಪಾಯ ಎಂದು ಅದನ್ನು ಮಾತ್ರ ನಿಷ್ಠೆಯಿಂದ ನುಂಗುತ್ತೇವೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಕುಸಿಯುವ ಭಯ ಕಡಿಮೆ. ಆದರೆ ಅದರ ಜೊತೆ ಗ್ಲಿಮೆಪಿರೈಡ್ ಬೆರೆತ ಮಾತ್ರೆ ನಮ್ಮ ಔಷಧ ಅಂಗಡಿಗಳಲ್ಲಿ ಎಷ್ಟು ಸಾಮಾನ್ಯ ಎಂಬುದು ಗೊತ್ತಿರುವುದೇ. ಊಟ ಬರಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತದೆ. ನಸುಕಿನಲ್ಲಿ ಬೆವರು, ನಡುಕ, ಮಂಕು. ರಕ್ತದೊತ್ತಡದ ಮಾತ್ರೆಯದು ಇನ್ನೊಂದು ಬಗೆ: ಮೊದಲ ವಾರ ಉಪ್ಪು ನೀರು ದೇಹದಿಂದ ಹರಿದುಹೋಗುತ್ತಿರುವಾಗ ಹಳೆಯ ಪ್ರಮಾಣದ ಮಾತ್ರೆಯೂ ಸೇರಿ, ಹಾಸಿಗೆಯಿಂದ ಎದ್ದವರು ಬಚ್ಚಲುಮನೆಯ ಬಾಗಿಲಲ್ಲಿ ಕುಸಿಯುತ್ತಾರೆ.

ಮೂರನೆಯ ಬಗೆ ಹೊಸದು, ನನಗೆ ಹೆಚ್ಚು ಭಯ ಹುಟ್ಟಿಸುವುದೂ ಅದೇ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯವು. ಭಾರತದಲ್ಲಿ ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2025ರಲ್ಲಿ ಮುಗಿದ ಮೇಲೆ ಅಗ್ಗವಾಗಿ ಮನೆಮನೆ ತಲುಪಿವೆ. ಇವನ್ನು ತೆಗೆದುಕೊಳ್ಳುತ್ತಲೇ ಅನ್ನ, ಮುದ್ದೆ ಎಲ್ಲ ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಪ್ರಾಣಕ್ಕೆ ಕುತ್ತಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು. ಮನೆಯ ಗ್ಲುಕೊಮೀಟರ್ ಮಾತ್ರ ಸಹಜ ಅಂಕಿಯನ್ನೋ, ಕೊಂಚ ಹೆಚ್ಚನ್ನೋ ತೋರಿಸುತ್ತಿರುತ್ತದೆ. ಮನೆಯವರು ‘ಪಿತ್ತ ಆಗಿದೆ’ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ಪಥ್ಯ ಶುರುಮಾಡುವ ಮುನ್ನ ಮಾತ್ರೆಯ ಪಟ್ಟಿ ಹಿಡಿದು ವೈದ್ಯರ ಮುಂದೆ ಕೂರಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯ ಸ್ಥಾನ ಪಿತ್ತಕೋಶಕ್ಕೆ. ಊಟದಲ್ಲಿ ಕೊಬ್ಬು ಬಂದಾಗ ಹಿಂಡಿಕೊಂಡು ಖಾಲಿಯಾಗುವುದು ಅದರ ಕೆಲಸ. ಕೊಬ್ಬೇ ಬಾರದಿದ್ದರೆ ಪಿತ್ತರಸ ಅಲ್ಲೇ ನಿಲ್ಲುತ್ತದೆ; ಇತ್ತ ಕರಗುತ್ತಿರುವ ಮೈಕೊಬ್ಬಿನ ಕೊಲೆಸ್ಟರಾಲ್ ಅದರಲ್ಲಿ ಸೇರಿ ಗಟ್ಟಿಯಾಗುತ್ತದೆ. ವೇಗವಾಗಿ ತೂಕ ಇಳಿಸಿದವರಲ್ಲಿ ಕಲ್ಲು ಕಾಣಿಸಿಕೊಳ್ಳುವುದು ಹೀಗೆ. ಎಣ್ಣೆಯನ್ನು ಪೂರ್ತಿ ಬಿಟ್ಟವರೇ ಹೆಚ್ಚು ಶುದ್ಧರು ಎಂದುಕೊಳ್ಳುವ ನಮ್ಮಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ: ದಿನಕ್ಕೊಂದು ಚಮಚ ಎಣ್ಣೆಯೋ ತುಪ್ಪವೋ ಪಥ್ಯದ ಭಾಗವಾಗಿರಬೇಕು. ಉಳಿದ ತೊಂದರೆಗಳು, ಅಂದರೆ ಮಲಬದ್ಧತೆ, ಚಳಿ, ಬಾಯಿವಾಸನೆ, ಎರಡು ಮೂರು ತಿಂಗಳ ಬಳಿಕ ಬಾಚಣಿಗೆ ತುಂಬ ಕೂದಲು, ಹೆದರಿಸುತ್ತವೆ, ಬಹುಪಾಲು ಹೋಗುತ್ತವೆ. ಯೂರಿಕ್ ಆಮ್ಲ ಹೆಚ್ಚಿದ್ದವರಿಗೆ ಕಾಲಿನ ಹೆಬ್ಬೆರಳು ಊದಿಕೊಂಡರೆ ಅದು ನಗುವ ವಿಷಯವಲ್ಲ. ಮುಟ್ಟು ನಿಂತ ಮಹಿಳೆಯರ ಮೂಳೆಯ ಮಾತು ಬೇರೆ: ಆಸ್ಟ್ರೇಲಿಯಾದಲ್ಲಿ 101 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ವೇಗದ ಪಥ್ಯದವರು ಹೆಚ್ಚು ತೂಕ ಇಳಿಸಿದರು, ಸೊಂಟದ ಮೂಳೆಯ ಸಾಂದ್ರತೆಯನ್ನೂ ಮತ್ತೊಂದು ಗುಂಪಿನ ಎರಡು ಪಟ್ಟಿಗಿಂತ ಹೆಚ್ಚು ಕಳೆದುಕೊಂಡರು. ಮಂಡಿ ಶಸ್ತ್ರಚಿಕಿತ್ಸೆಗೆ ಕಾದಿರುವ ಆ ಗೃಹಿಣಿ ಇದನ್ನು ಕೇಳಿಕೊಂಡೇ ನಿರ್ಧರಿಸಬೇಕು.

ಈಗ ನಮ್ಮ ಅಡುಗೆಮನೆಗೆ ಬರೋಣ. ಪುಡಿಯ ಪಾನೀಯ ದುಬಾರಿ, ಮನೆಯ ಊಟದಲ್ಲೇ 800ಕ್ಕೆ ಹೊಂದಿಸಿದರಾಯಿತು ಎನ್ನುವವರು ಬಹಳ. ಸ್ನಾಯು ಉಳಿಯಬೇಕಾದರೆ ಇಂಥ ಪಥ್ಯದಲ್ಲಿ ದಿನಕ್ಕೆ 70 ಗ್ರಾಂನಷ್ಟಾದರೂ ಪ್ರೋಟೀನ್ ಬೇಕು. ತೊಗರಿಬೇಳೆ ಒಂದರಿಂದಲೇ ಅಷ್ಟು ಪಡೆಯಲು 300 ಗ್ರಾಂಗೂ ಹೆಚ್ಚು ಬೇಳೆ ಬೇಯಿಸಬೇಕು. ಅದರ ಕ್ಯಾಲೊರಿ ಸಾವಿರ ಮುಟ್ಟುತ್ತದೆ. ಗಡಿ ಅಲ್ಲಿಗೇ ಮುರಿಯಿತು. ಮೊಟ್ಟೆಯಾದರೆ ಹನ್ನೆರಡು ಬೇಕು, ಅದೂ 800 ಮೀರುತ್ತದೆ. ಮೊಟ್ಟೆಯ ಬಿಳಿಭಾಗ, ಮೀನು, ಚರ್ಮ ತೆಗೆದ ಕೋಳಿ, ಕೆನೆ ತೆಗೆದ ಹಾಲಿನ ಮೊಸರು ಇವುಗಳಿಂದ ಲೆಕ್ಕ ಹೊಂದುತ್ತದೆ. ಹಾಲನ್ನೂ ಬಿಟ್ಟ ಸಸ್ಯಾಹಾರಿಗೆ ಸಾಮಾನ್ಯ ಊಟದಲ್ಲಿ ಹೊಂದುವುದು ಕಷ್ಟ. ಒಂದು ಮುದ್ದೆ, ತಿಳಿಸಾರು, ಸೌತೆಕಾಯಿ ಕೋಸಂಬರಿಯಲ್ಲಿ ದಿನ ದೂಡುವವರು ಇಳಿಸುತ್ತಿರುವುದು ಕೊಬ್ಬಿನ ಜೊತೆ ತೊಡೆಯ ಮಾಂಸವನ್ನೂ. ಲಂಘನವೇ ಪರಮೌಷಧ ಎಂಬ ಮಾತನ್ನು ಹೇಳಿಕೊಂಡು ಹಣ್ಣಿನ ರಸದಲ್ಲಿ ವಾರಗಳನ್ನು ಕಳೆಯುವವರಿಗೂ ಇದೇ ಮಾತು. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಹೆಸರಾಂತ ಕೇಂದ್ರಗಳಿವೆ, ಅಲ್ಲಿ ರಸಾಹಾರ ವೈದ್ಯರ ಕಣ್ಣಳತೆಯಲ್ಲಿ ಕೆಲವು ದಿನ ನಡೆಯುತ್ತದೆ. ಅಲ್ಲಿಂದ ಬಂದವರು ಅದನ್ನೇ ಮನೆಯಲ್ಲಿ ಎರಡು ತಿಂಗಳು ಮುಂದುವರಿಸಿದಾಗ, ಪ್ರೋಟೀನ್ ಇಲ್ಲದ ಆ ಲೋಟ 1977ರ ಲೋಟಕ್ಕೆ ಹತ್ತಿರವಾಗುತ್ತ ಹೋಗುತ್ತದೆ.

ನಮ್ಮ ಮೈಕಟ್ಟಿನ ಪ್ರಶ್ನೆಯೂ ಇದೆ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸ್ನೇಹಿತ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನು ಒಂದು ವೈದ್ಯಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರಿಗೂ 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಹೊತ್ತ, ಸ್ನಾಯು ಕಡಿಮೆಯಿರುವ ದೇಹ ನಮ್ಮದು. ಐಸಿಎಂಆರ್‌ನ 2023ರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರಲ್ಲಿ ಡೈರೆಕ್ಟ್ ಪ್ರಯೋಗ ಕೇಳಿದ 27ರ ಬಿಎಂಐ ಮುಟ್ಟದವರು ಅನೇಕರು. ಅವರಿಗೂ ಇದು ನಡೆಯುತ್ತದೆಯೇ? ನ್ಯೂಕ್ಯಾಸಲ್ ತಂಡವೇ 27ಕ್ಕಿಂತ ಕಡಿಮೆಯಿದ್ದ 20 ಮಂದಿಯನ್ನು ನೋಡಿತು, 14 ಮಂದಿಗೆ ಫಲ ಸಿಕ್ಕಿತು, ಅದೂ ಕಡಿಮೆ ತೂಕ ಇಳಿಸಿಯೇ. ಗ್ಲಾಸ್ಗೋದಲ್ಲಿ ದಕ್ಷಿಣ ಏಷ್ಯಾ ಮೂಲದವರ ಮೇಲೆ ನಡೆದ ಸಣ್ಣ ಪ್ರಯೋಗದ ಫಲವೂ ಡೈರೆಕ್ಟ್‌ಗೆ ದೂರವಿರಲಿಲ್ಲ. ಕತಾರ್‌ನಲ್ಲಿ ಕಾಯಿಲೆ ಬಂದು ಮೂರು ವರ್ಷ ಮೀರದ, 18ರಿಂದ 50 ವಯಸ್ಸಿನವರಲ್ಲಿ ಶೇ 61. ಹೊಸದಾಗಿ ಮಧುಮೇಹ ಬಂದವರಿಗೆ ಇದು ಹೆಚ್ಚು ಒಲಿಯುತ್ತದೆ ಎಂಬುದು ಸ್ಪಷ್ಟ. ಹದಿನೈದು ವರ್ಷದ ಹಳೆಯ ಕಾಯಿಲೆಯವರು ಈ ಅಂಕಿಗಳನ್ನು ತಮ್ಮದೆಂದು ಓದಬಾರದು.

ಇಳಿಸಲು ಹೆಚ್ಚು ಕೊಬ್ಬೇ ಇಲ್ಲದವರ ಪಾಡು ಏನೆಂಬುದಕ್ಕೆ ಹಳೆಯದೊಂದು ದಾಖಲೆಯಿದೆ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ದಿನಕ್ಕೆ ಸುಮಾರು 1,570 ಕ್ಯಾಲೊರಿಯಲ್ಲಿ ಇಟ್ಟರು, ಅಂದರೆ ನಾವು ಮಾತನಾಡುತ್ತಿರುವುದರ ಇಮ್ಮಡಿ. ಮೊದಲೇ ತೆಳ್ಳಗಿದ್ದ ಅವರು ಬೇಗ ಸಿಡುಕಿನವರಾದರು, ಖಿನ್ನರಾದರು, ಕನಸಿನಲ್ಲೂ ಊಟ ಕಂಡರು; ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಮದುವೆಯ ಸೀರೆಗೆ ಮೂರು ಕಿಲೊ ಇಳಿಸಬೇಕೆಂದು 800ಕ್ಕೆ ಇಳಿಯುವ ಹುಡುಗಿ ನಿಂತಿರುವುದು ಡೈರೆಕ್ಟ್‌ನ ಸಾಲಿನಲ್ಲಲ್ಲ, ಈ ಯುವಕರ ಸಾಲಿನಲ್ಲಿ. ಹದಿಹರೆಯದವರು, ಬಸುರಿ, ಬಾಣಂತಿ, ಊಟದ ಬಗ್ಗೆ ಮನಸ್ಸು ಒಮ್ಮೆ ಕೆಟ್ಟು ಸರಿಹೋದವರು, ಇವರ ವಿಷಯದಲ್ಲಿ ಲಾಭ ನಷ್ಟ ತೂಗುವ ಕೆಲಸವೇ ಇಲ್ಲ. ಬೇಡ, ಅಷ್ಟೇ.

2025ರಲ್ಲಿ ಹಸಿವು ಕುಗ್ಗಿಸುವ ಚುಚ್ಚುಮದ್ದುಗಳು, ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವಿಗೋವಿ, ಭಾರತದ ಮಾರುಕಟ್ಟೆಗೆ ಬಂದ ಮೇಲೆ ಈ ಪಥ್ಯ ಹಳೆಯದಾಯಿತೇ? ನನಗೆ ಕಾಣುವುದು ತಿರುಗುಮುರುಗಾಗಿ. ವಾರಕ್ಕೊಂದು ಚುಚ್ಚು ಹಾಕಿಸಿಕೊಂಡವರಲ್ಲಿ ಕೆಲವರು ಎರಡು ಇಡ್ಲಿಗೆ ಸಾಕೆನ್ನುತ್ತಾರೆ. ಲೆಕ್ಕ ಹಾಕದೆಯೇ ದಿನಕ್ಕೆ 800ರ ಹತ್ತಿರ ಬಂದುಬಿಡುತ್ತಾರೆ. ಪಿತ್ತಕೋಶ, ಸ್ನಾಯು, ಗ್ಲಿಮೆಪಿರೈಡ್, ಮೇಲೆ ಹೇಳಿದ್ದೆಲ್ಲ ಅವರಿಗೂ ಅನ್ವಯ. ವ್ಯತ್ಯಾಸವೆಂದರೆ ಹಸಿವಿನ ಎಚ್ಚರಿಕೆಯ ಗಂಟೆಯೂ ಅವರಲ್ಲಿ ಮೂಕವಾಗಿರುತ್ತದೆ.

ಇನ್ನು ಪಥ್ಯ ಬಿಡುವ ಕ್ರಮ. ಡೈರೆಕ್ಟ್‌ನಲ್ಲಿ ಪುಡಿಯ ಪಾನೀಯ ನಿಂತ ಮೇಲೆ ಎರಡರಿಂದ ಎಂಟು ವಾರ ಒಂದೊಂದೇ ಊಟ ವಾಪಸು ಬರುತ್ತಿತ್ತು. ಆಮೇಲೆ ಎರಡು ವರ್ಷದವರೆಗೆ ತಿಂಗಳಿಗೊಮ್ಮೆ ಅದೇ ನರ್ಸ್, ಅದೇ ಆಹಾರತಜ್ಞೆಯ ಭೇಟಿ. ಎರಡು ಕಿಲೊಗಿಂತ ಹೆಚ್ಚು ತೂಕ ಮರಳಿತೆಂದರೆ ಕೆಲವು ವಾರ ಮತ್ತೆ ಪಾನೀಯಕ್ಕೆ ಇಳಿಯುವ ಏರ್ಪಾಡು ಮೊದಲೇ ಬರೆದಿಟ್ಟಿತ್ತು. ನಮ್ಮಲ್ಲಿ ಪ್ಯಾಕೇಜು ಮಾರುವವರ ರಸೀದಿ ಸಾಮಾನ್ಯವಾಗಿ ಹನ್ನೆರಡನೆಯ ವಾರಕ್ಕೆ ಮುಗಿಯುತ್ತದೆ. ಹದಿಮೂರನೆಯ ವಾರ ತಟ್ಟೆಗೆ ಮುದ್ದೆ ಬಂದಾಗ ಅದು ನೂರು ಗ್ರಾಂ ಹಿಟ್ಟಿನದೋ ಐವತ್ತರದೋ, ಆ ತಿಂಗಳ ಬೀಗರೂಟಗಳು ಎಷ್ಟು, ತಕ್ಕಡಿಯ ಮುಳ್ಳು ಎರಡು ಕಿಲೊ ಸರಿದಾಗ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಅದು.